ಡೈನೋಸಾರ್ ಹಲ್ಲೋ, ಮೊಸಳೆ ಹಲ್ಲೋ? ಪಳೆಯುಳಿಕೆ ಹಲ್ಲು ಗುರುತಿಸುವ ಸಮಗ್ರ ಮಾರ್ಗದರ್ಶಿ

ಕಕ್ಕಡ ತಿಂಗಳ ಮಳೆ ಹಿಡಿದರೆ ಮಡಿಕೇರಿಯಲ್ಲಿ ಹೊರಗೆ ಕಾಲಿಡುವ ಮಾತೇ ಇಲ್ಲ. ಹಾಗೆ ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಪಕ್ಕದ ಮನೆ ಹುಡುಗಿ ಕೊಡೆ ಮಡಿಸಿ ಬಾಗಿಲ ಮೂಲೆಗಿಟ್ಟು ಒಳಗೆ ಬಂದಳು. ಎಂಟನೇ ಕ್ಲಾಸು. ಕೈಯಲ್ಲಿ ಒಂದು ಬೆಂಕಿಪೊಟ್ಟಣ, ಅದರೊಳಗೆ ಹತ್ತಿ, ಹತ್ತಿಯೊಳಗೆ ಕಂದು ಬಣ್ಣದ ಹಲ್ಲು.

"ಅಕ್ಕ, ಇದು ಡೈನೋಸಾರ್ ಹಲ್ಲು. ದುಬೈಯಿಂದ ಚಿಕ್ಕಪ್ಪ ತಂದದ್ದು. ಯಾವ ಡೈನೋಸಾರ್ ಅಂತ ಹೇಳಿ."

ಪೊಟ್ಟಣದ ಮೇಲೆ ಒಂದು ಚೀಟಿ ಅಂಟಿಸಿತ್ತು. ಡೈನೋಸಾರ್ ಹಲ್ಲು, ಕೆಮ್ ಕೆಮ್, ಮೊರಾಕೊ. ಅಷ್ಟೇ.

ಹಲ್ಲು ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಇದೇ ಪ್ರಶ್ನೆ, ಯಾವ ಡೈನೋಸಾರ್? ಆದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದದ್ದು ತುಂಬಾ ಇದೆ. ಎಲ್ಲಿಯದು, ನಿಜವಾಗಿಯೂ ಹಲ್ಲೇನಾ, ಅಸಲಿಯಾ, ಏಣು (ಉದ್ದಕ್ಕಿರುವ ಚೂಪು ಅಂಚು) ಹೇಗಿದೆ, ಯಾವ ಕಡೆಗೆ ಬಾಗಿದೆ, ಬುಡದಲ್ಲಿ ಏನಿದೆ. ಇವಕ್ಕೆಲ್ಲ ಉತ್ತರ ಸಿಕ್ಕಿದರೆ ಹೆಸರು ತಾನಾಗಿ ಬರುತ್ತದೆ. ಬಾರದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಅವತ್ತು ನಾವಿಬ್ಬರೂ ಅಡುಗೆಮನೆ ಮೇಜಿನ ಮುಂದೆ ಕೂತು ನೋಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಏನೇನು ಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೆನ್ಸ್ ಒಂದು ಬೇಕೇ ಬೇಕು. ಅಕ್ಕಸಾಲಿಗರು ಕಣ್ಣಿಗೆ ಹಿಡಿದು ನೋಡುತ್ತಾರಲ್ಲ, ಅದೇ. ಮಿಲಿಮೀಟರ್ ಗೆರೆ ಇರುವ ಸ್ಕೇಲ್, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್. ಟಾರ್ಚ್, ಬಿಳಿ ಹಾಳೆ, ಚೂಪಾದ ಪೆನ್ಸಿಲ್, ಹಳೆಯ ಮೆತ್ತನೆ ಟೂತ್ ಬ್ರಷ್. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು.

ಹಲ್ಲಿನ ಮೇಲೆ ಮಣ್ಣಿದ್ದರೆ ಒಣ ಬ್ರಷ್‌ನಿಂದಲೇ ತೆಗೆಯಿರಿ. ಹೋಗದಿದ್ದರೆ ಬ್ರಷ್ ತುದಿಗೆ ಎರಡು ಹನಿ ನೀರು ಸಾಕು. ನೆನೆಸಿಡಬೇಡಿ. ವಿನೆಗರ್, ನಿಂಬೆಹುಳಿ, ಕಾಚಂಪುಳಿ, ಯಾವ ಹುಳಿಯೂ ಹತ್ತಿರ ಬರಬಾರದು. ಹಲ್ಲು ಕ್ಯಾಲ್ಸಿಯಂ ಫಾಸ್ಫೇಟ್‌ನಿಂದ ಆದದ್ದು, ಹುಳಿ ಅದನ್ನು ತಿನ್ನುತ್ತದೆ. ಮೊದಲು ಹಾಳಾಗುವುದು ಏಣಿನ ಮೇಲಿನ ಸಣ್ಣ ಸಣ್ಣ ಗುರುತು, ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದೂ ಅದೇ.

ಹಂತ 1: ಎಲ್ಲಿಯದು?

ಅರ್ಧ ಉತ್ತರ ಇಲ್ಲೇ ಇದೆ. ಕಲ್ಲಿನ ವಯಸ್ಸು ಗೊತ್ತಾದರೆ ಆ ಕಾಲದಲ್ಲಿ ಆ ಜಾಗದಲ್ಲಿ ಯಾವ ಪ್ರಾಣಿಗಳಿದ್ದವು ಎಂಬ ಪಟ್ಟಿ ಚಿಕ್ಕದಾಗುತ್ತದೆ. ಊರು ತಿಳಿಯದ ಹಲ್ಲಿಗೆ ಎಷ್ಟು ಚೆನ್ನಾಗಿ ನೋಡಿದರೂ ಪೂರ್ತಿ ಹೆಸರು ಕೊಡುವುದು ಕಷ್ಟ.

"ನಮ್ಮ ತೋಟದಲ್ಲಿ ಗುಂಡಿ ತೋಡುವಾಗ ಡೈನೋಸಾರ್ ಹಲ್ಲು ಸಿಕ್ಕಿತು" ಅಂತ ಕೊಡಗಿನವರೇ ಕೆಲವರು ಫೋಟೋ ಕಳಿಸುತ್ತಾರೆ. ಇದನ್ನು ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಪಳೆಯುಳಿಕೆ ಸಿಗುವುದು ನದಿ, ಕೆರೆ, ಸಮುದ್ರದ ತಳದಲ್ಲಿ ಕೆಸರು ಮರಳು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲಿನಲ್ಲಿ. ಕೊಡಗಿನ ಬೆಟ್ಟಗಳ ಕಲ್ಲು ಅಂಥದ್ದಲ್ಲ. ಇದು ಭೂಮಿಯ ಆಳದಲ್ಲಿ ಬೆಂದು, ಒತ್ತಿ, ಮಡಚಿಕೊಂಡ ಕಲ್ಲು, ವಯಸ್ಸು ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ನಮ್ಮ ಕಲ್ಲು ಅಷ್ಟು ಹೊತ್ತಿಗಾಗಲೇ ಹಳೆಯದಾಗಿತ್ತು.

ಹಾಗಾದರೆ ತೋಟದಲ್ಲಿ ಸಿಕ್ಕಿದ್ದು ಏನು? ಹೆಚ್ಚಾಗಿ ಕಾಡುಹಂದಿಯ ಕೋರೆ. ಗಂಡು ಹಂದಿಯ ಕೆಳಕೋರೆ ಚೆನ್ನಾಗಿ ಬಾಗಿರುತ್ತದೆ, ಅಡ್ಡ ಕೊಯ್ದರೆ ಮೂರು ಮೂಲೆ, ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಎರಡು ಮುಖಕ್ಕೆ ಮಾತ್ರ. ಅಂಚಿನಲ್ಲಿ ಗರಗಸದಂಥ ಮೊನೆಸಾಲು ಇರುವುದಿಲ್ಲ. ಮುಳ್ಳುಹಂದಿಯ ಮುಂಹಲ್ಲಾದರೆ ಉಳಿಯ ಹಾಗೆ ತುದಿ, ಮುಂಭಾಗ ಕಿತ್ತಳೆ ಬಣ್ಣ. ಹುಲಿ, ಚಿರತೆಯ ಕೋರೆಗೆ ಉದ್ದನೆಯ ದಪ್ಪ ಬೇರು ಇರುತ್ತದೆ, ವಯಸ್ಸಾದ ಪ್ರಾಣಿಯಲ್ಲಿ ಆ ಬೇರಿನ ತುದಿ ಮುಚ್ಚಿಕೊಂಡಿರುತ್ತದೆ. ಇಂಥ ಹಲ್ಲು ಸಿಕ್ಕಿದರೆ ಮನೆಯಲ್ಲಿಟ್ಟುಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂಥದ್ದನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ಸುಮ್ನೆ ಬಿಡುವುದಿಲ್ಲ. ಈಗಿನ ಮೊಸಳೆಯ ಹಲ್ಲಿಗೂ ಇದೇ ಮಾತು. ರಂಗನತಿಟ್ಟಿನಲ್ಲಿ, ಕಬಿನಿಯಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿರುತ್ತವಲ್ಲ, ಆ ಮೊಸಳೆಗಳಿಗೆ ಕಾನೂನಿನ ಪೂರ್ತಿ ರಕ್ಷಣೆ ಇದೆ. ಆದ್ದರಿಂದ ಹಲ್ಲು ಪಳೆಯುಳಿಕೆಯಾ, ಇತ್ತೀಚಿನದಾ ಎಂದು ತಿಳಿಯುವುದು ಬರೀ ಕುತೂಹಲದ ವಿಷಯ ಅಲ್ಲ.

ಬಣ್ಣ ನೋಡಿ ವಯಸ್ಸು ಹೇಳಬೇಡಿ. ಹೂತಿದ್ದ ಮಣ್ಣಿನ ಖನಿಜದ ಬಣ್ಣ ಹಲ್ಲಿಗೆ ಬರುತ್ತದೆ. ಹತ್ತು ವರ್ಷ ಕೆಂಪು ಮಣ್ಣಲ್ಲಿದ್ದ ಹಲ್ಲೂ ಕಂದಾಗಿರುತ್ತದೆ. ತೂಕ ಸ್ವಲ್ಪ ಸಹಾಯ ಮಾಡುತ್ತದೆ, ಪಳೆಯುಳಿಕೆ ಕಲ್ಲಿನ ಹಾಗೆ ಭಾರ. ನಿಜವಾದ ಪರೀಕ್ಷೆ ಎಂದರೆ ಸೂಜಿ ಕಾಯಿಸಿ ಬುಡದ ಒಳಗಡೆ, ಕಾಣದ ಜಾಗದಲ್ಲಿ, ಒಂದು ಕ್ಷಣ ತಾಗಿಸಿ ಮೂಸಿ ನೋಡುವುದು. ಕೂದಲು ಸುಟ್ಟ ವಾಸನೆ ಬಂದರೆ ಅದರಲ್ಲಿ ಇನ್ನೂ ಜೀವದ ಅಂಶ ಇದೆ, ಅಂದರೆ ಇತ್ತೀಚಿನದು. ಪ್ಲಾಸ್ಟಿಕ್ ವಾಸನೆ ಬಂದರೆ ರೆಸಿನ್‌ನಲ್ಲಿ ಎರಕ ಹೊಯ್ದದ್ದು. ಏನೂ ವಾಸನೆ ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಪೂರ್ತಿ ಒಂದೇ ಹಲ್ಲಾ, ಅಂಟಿಸಿದ್ದಾ?

ಮಾರುಕಟ್ಟೆಯಲ್ಲಿ ಸಿಗುವ ಪಳೆಯುಳಿಕೆ ಹಲ್ಲುಗಳಲ್ಲಿ ಮೊರಾಕೊದಿಂದ ಬಂದವು ತುಂಬಾ. ಸಹರಾ ಮರುಭೂಮಿಯ ಅಂಚಿನಲ್ಲಿರುವ ಕೆಮ್ ಕೆಮ್ ಪದರಗಳು ಸುಮಾರು 10 ಕೋಟಿ ವರ್ಷದ ಹಿಂದೆ ದೊಡ್ಡ ನದಿಗಳಿದ್ದ ಜಾಗ. ಅಲ್ಲಿ ಅಸಲಿ ಹಲ್ಲು ಧಾರಾಳವಾಗಿ ಸಿಗುತ್ತದೆ, ಹಾಗಾಗಿ ಪೂರ್ತಿ ನಕಲಿಗಿಂತ ಜೋಡಿಸಿದ ಹಲ್ಲುಗಳ ಕಾಟವೇ ಜಾಸ್ತಿ. ಒಂದರ ತುದಿ, ಇನ್ನೊಂದರ ಬುಡ, ನಡುವೆ ಮರಳು ಮತ್ತು ಗೋಂದು.

ನಾನು ವರ್ಷಗಳ ಹಿಂದೆ ಆನ್‌ಲೈನ್‌ನಲ್ಲಿ ಒಂದು ಹಲ್ಲು ತರಿಸಿದ್ದೆ. ಬೇರು ಸಮೇತ ಇತ್ತು, ಎಷ್ಟು ಚೆಂದ ಇತ್ತೆಂದರೆ ಎರಡು ದಿನ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಮಣ್ಣು ಹೋಗಲಿ ಅಂತ ಬೆಚ್ಚಗಿನ ನೀರಲ್ಲಿ ಹಾಕಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಬೇರು ಕರಗಿ, ಬಟ್ಟಲಿನ ತಳದಲ್ಲಿ ಕೆಂಪು ಮರಳಾಗಿ ಕೂತಿತ್ತು. ಮೇಲೆ ಉಳಿದದ್ದು ಎರಡು ಸೆಂಟಿಮೀಟರ್ ತುದಿ ಮಾತ್ರ. ಅಳು ಬಂದಿತ್ತು. ನೆನೆಸಬೇಡಿ ಅಂತ ಮೇಲೆ ಹೇಳಿದ್ದು ಅಸಲಿ ಹಲ್ಲಿನ ಕಾಳಜಿಗೆ. ಅಂಟಿಸಿದ್ದನ್ನು ಕಂಡುಹಿಡಿಯಲು ಅದಕ್ಕಿಂತ ಒಳ್ಳೆಯ ದಾರಿಗಳಿವೆ.

ಕೋಣೆ ಕತ್ತಲು ಮಾಡಿ ಯುವಿ ಟಾರ್ಚ್ ಬಿಡಿ. ಗೋಂದು, ರೆಸಿನ್ ಇರುವ ಕಡೆ ಹೆಚ್ಚಾಗಿ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಆಮೇಲೆ ಮಾಮೂಲು ಬೆಳಕಲ್ಲಿ ಲೆನ್ಸ್ ಹಿಡಿದು ಬಿರುಕುಗಳನ್ನು ಹಿಂಬಾಲಿಸಿ. ಅಸಲಿ ಹಲ್ಲಿನ ಬಿರುಕು ತುದಿಯಿಂದ ಬುಡಕ್ಕೆ ಸಲೀಸಾಗಿ ಸಾಗುತ್ತದೆ. ನಡುವೆ ಎಲ್ಲ ಬಿರುಕೂ ಒಂದೇ ಅಡ್ಡಗೆರೆಯಲ್ಲಿ ನಿಂತುಬಿಟ್ಟರೆ ಅಲ್ಲೇ ಜೋಡಣೆ. ಗಾಳಿಗುಳ್ಳೆಯ ಗುಂಡು ಗುಂಡು ತೂತು ಕಂಡರೂ ಅನುಮಾನ ಪಡಿ. ಒಡೆದದ್ದನ್ನು ಅದರದ್ದೇ ಚೂರಿನಿಂದ ಅಂಟಿಸಿದ್ದರೆ ಅದು ತಪ್ಪಲ್ಲ, ಆದರೆ ಮಾರುವವರು ಹೇಳಿಯೇ ಮಾರಬೇಕು.

ಹುಡುಗಿ ತಂದದ್ದರಲ್ಲಿ ಅಂಟು ಇರಲಿಲ್ಲ. ಒಳಗೆ ದಂತದ ಭಾಗ ತಿಳಿಕಂದು, ಹೊರಗೆ ಎನಾಮಲ್ ಗಾಢಕಂದು, ಹೊಳಪು. ಈ ಎರಡು ಪದರ ಬೇರೆ ಬೇರೆಯಾಗಿ ಕಂಡರೆ ಅದು ಹಲ್ಲೇ. ಉಗುರಿಗೆ ಎನಾಮಲ್ ಇರುವುದಿಲ್ಲ, ಎರಡೂ ಪಕ್ಕದಲ್ಲಿ ಉದ್ದಕ್ಕೆ ಕಾಲುವೆ ಇರುತ್ತದೆ. ಸುಮ್ನೆ ಚೂಪಾದ ಕಲ್ಲಾದರೆ ಒಳಗೂ ಹೊರಗೂ ಒಂದೇ ತರ.

ಹಂತ 3: ಏಣು

ಹಲ್ಲಿನ ಉದ್ದಕ್ಕೂ, ತುದಿಯಿಂದ ಬುಡದ ಕಡೆಗೆ ಇಳಿಯುವ ಚೂಪು ಅಂಚಿಗೆ ನಾನು ಏಣು ಅನ್ನುತ್ತೇನೆ. ಮಾಂಸ ತಿನ್ನುವ ಡೈನೋಸಾರ್‌ಗೂ ಮೊಸಳೆಗೂ ಸಾಮಾನ್ಯವಾಗಿ ಎರಡೆರಡು ಏಣು. ಇಲ್ಲಿ ಅವಸರ ಮಾಡಬೇಡಿ, ಈ ಹಂತಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡುತ್ತೇನೆ.

ಹಲ್ಲನ್ನು ಬಟ್ಟೆಯ ಮೇಲೆ ಮಲಗಿಸಿ. ಟಾರ್ಚನ್ನು ಮೇಲಿಂದ ಬಿಡಬೇಡಿ, ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಓರೆಯಾಗಿ ಬಿಡಿ. ಆಗ ಪ್ರತಿ ಉಬ್ಬಿಗೂ ನೆರಳು ಬೀಳುತ್ತದೆ. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹಲ್ಲನ್ನು ಲೆನ್ಸ್ ಹತ್ತಿರಕ್ಕೆ ತನ್ನಿ, ಮುಖವನ್ನು ಹಲ್ಲಿನ ಹತ್ತಿರಕ್ಕೆ ಒಯ್ಯಬೇಡಿ. ತುದಿಯಿಂದ ಶುರು ಮಾಡಿ ಬುಡದವರೆಗೆ ನಿಧಾನಕ್ಕೆ ಸರಿಸುತ್ತಾ ಹೋಗಿ.

ಗರಗಸ ಇದ್ದರೆ ಸಾಲಾಗಿ ಸಣ್ಣ ಸಣ್ಣ ಮೊನೆಗಳು ಕಾಣುತ್ತವೆ. ಭತ್ತ ಕೊಯ್ಯುವ ಕುಡುಗೋಲು ನೆನಪಿಸಿಕೊಳ್ಳಿ. ಬಾಗಿದ ಅಲಗು, ಒಳಬಾಗಿನಲ್ಲಿ ಹಲ್ಲು ಹಲ್ಲು. ಮಾಂಸ ತಿನ್ನುವ ಡೈನೋಸಾರ್‌ಗಳ ಹಲ್ಲು ಬಹುತೇಕ ಹೀಗೇ. ಒಳಬಾಗಿನ ಏಣಿನ ಮೇಲೆ ಗರಗಸ ಸ್ಪಷ್ಟ, ಹೊರಬಾಗಿನ ಏಣಿನ ಮೇಲೆ ಕೆಲವಕ್ಕೆ ಅರ್ಧದವರೆಗೆ ಮಾತ್ರ, ಕೆಲವಕ್ಕೆ ತುಂಬಾ ಸಣ್ಣದು, ಕೆಲವಕ್ಕೆ ಇಲ್ಲವೇ ಇಲ್ಲ.

ಗರಗಸ ಕಂಡರೆ ಎಣಿಸಿ. ಒಳಬಾಗಿನ ಏಣಿನ ನಟ್ಟನಡುವೆ 5 ಮಿಲಿಮೀಟರ್ ಗುರುತು ಮಾಡಿಕೊಂಡು ಅಷ್ಟರೊಳಗೆ ಎಷ್ಟು ಮೊನೆ ಇವೆ ಎಂದು ಬರೆಯಿರಿ. ಹಲ್ಲು ಚಿಕ್ಕದಾದರೆ 1 ಮಿಲಿಮೀಟರ್‌ನಲ್ಲಿ ಎಣಿಸಿ ಐದರಿಂದ ಗುಣಿಸಿ. ಹೊರಬಾಗಿನ ಏಣಿನಲ್ಲೂ ಹಾಗೇ ಮಾಡಿ. ಟೈರನೋಸಾರಸ್‌ನ ಹಲ್ಲಿನಲ್ಲಿ 5 ಮಿಲಿಮೀಟರ್‌ಗೆ 8ರಿಂದ 10ರ ಆಸುಪಾಸು, ದಪ್ಪ ದಪ್ಪ ಮೊನೆ. ವೆಲಾಸಿರ್ಯಾಪ್ಟರ್ ಗುಂಪಿನಲ್ಲಿ ಹಿಂದಿನ (ಒಳಬಾಗಿನ) ಏಣಿನ ಮೊನೆಗಿಂತ ಮುಂದಿನ (ಹೊರಬಾಗಿನ) ಏಣಿನದು ಎಷ್ಟೋ ಸಣ್ಣ. ಟ್ರೂಡಾನ್ ಗುಂಪಿನ ಹಲ್ಲು ಚಿಕ್ಕದು, ಆದರೆ ಅದರ ಮೊನೆ ಹಲ್ಲಿನ ಅಳತೆಗೆ ತೀರಾ ದೊಡ್ಡದು, ತುದಿಯ ಕಡೆಗೆ ಕೊಕ್ಕೆಯ ಹಾಗೆ ಬಾಗಿರುತ್ತದೆ.

ಗರಗಸ ಇದ್ದರೆ ಡೈನೋಸಾರ್, ಇಲ್ಲದಿದ್ದರೆ ಮೊಸಳೆ, ಇಷ್ಟೇನಾ? ಅಲ್ಲ. ಎರಡೂ ಕಡೆ ಅಪವಾದ ಇದೆ, ಎಡವುವುದು ಇಲ್ಲೇ.

ದಕ್ಷಿಣ ಅಮೆರಿಕದ ಸೆಬೆಕಸ್, ಬೌರುಸೂಕಸ್‌ನಂಥ ಹಳೆಯ ಮೊಸಳೆಗಳು ನೆಲದ ಮೇಲೆ ಬೇಟೆಯಾಡುತ್ತಿದ್ದವು. ಅವುಗಳ ಹಲ್ಲು ಚಪ್ಪಟೆ, ಏಣಿನ ಮೇಲೆ ನಿಜವಾದ ಗರಗಸ. ನಮ್ಮ ಉಪಖಂಡದಲ್ಲೂ ಇಂಥದ್ದಿತ್ತು, ಬಲೂಚಿಸ್ತಾನದಲ್ಲಿ ಸಿಕ್ಕಿದ ಪಬ್ವೇಶಿ ಎಂಬ ಪ್ರಾಣಿಗೆ 2001ರಲ್ಲಿ ಹೆಸರಿಟ್ಟರು. ಇನ್ನು ಕೆಲವು ಮೊಸಳೆಗಳಲ್ಲಿ ಗರಗಸದ ಹಾಗೆ ಕಾಣುತ್ತದೆ, ಆದರೆ ಅದು ಎನಾಮಲ್‌ನ ಸುಕ್ಕು ಏಣಿನವರೆಗೆ ಬಂದು ಉಂಟಾದ ತರಿ. ವ್ಯತ್ಯಾಸ ಹೀಗೆ ಕಂಡುಹಿಡಿಯಿರಿ. ನಿಜವಾದ ಮೊನೆಗೆ ತನ್ನದೇ ಮೈ ಇರುತ್ತದೆ, ಪಕ್ಕದ ಮೊನೆಗೂ ಅದಕ್ಕೂ ನಡುವೆ ಸಂದು ಇರುತ್ತದೆ, ಒಂದೇ ಅಳತೆಯಲ್ಲಿ ಸಾಲಾಗಿ ಇರುತ್ತದೆ. ಸುಕ್ಕಿನದು ಅಡ್ಡಾದಿಡ್ಡಿ, ಸುಕ್ಕಿನ ಗೆರೆ ಹಲ್ಲಿನ ಮೈಮೇಲೂ ಮುಂದುವರಿಯುತ್ತದೆ.

ಆ ಕಡೆ ಡೈನೋಸಾರ್‌ಗಳಲ್ಲಿ ಸ್ಪೈನೋಸಾರಸ್ ಇದೆ. 1915ರಲ್ಲಿ ಅರ್ನ್ಸ್ಟ್ ಸ್ಟ್ರೋಮರ್ ಈಜಿಪ್ಟಿನ ಎಲುಬುಗಳನ್ನು ನೋಡಿ ಇದಕ್ಕೆ ಹೆಸರಿಟ್ಟರು. ಆ ಎಲುಬುಗಳು 1944ರಲ್ಲಿ ಮ್ಯೂನಿಕ್ ಮೇಲೆ ಬಾಂಬು ಬಿದ್ದಾಗ ನಾಶವಾದವು. ಮೀನು ಹಿಡಿದು ತಿನ್ನುವ ಈ ಡೈನೋಸಾರ್‌ನ ಹಲ್ಲು ಮೊಸಳೆಯದ್ದರ ಹಾಗೇ ಶಂಕುವಿನ ಆಕಾರ, ಏಣು ಇದೆ, ಗರಗಸ ಇಲ್ಲ. ಕೆಮ್ ಕೆಮ್‌ನಲ್ಲಿ ಅದೂ ಇತ್ತು, ಮೊಸಳೆಗಳೂ ಇದ್ದವು, ಒಂದೇ ನದಿಯಲ್ಲಿ. ಹುಡುಗಿಯ ಹಲ್ಲಿನ ಏಣನ್ನು ನಾವು ಎರಡು ಸಲ ತುದಿಯಿಂದ ಬುಡದವರೆಗೆ ನೋಡಿದೆವು. ಸಣ್ಣ ಎದ್ದ ಗೆರೆ, ನುಣುಪು, ಒಂದು ಮೊನೆಯೂ ಇಲ್ಲ. ಅಂದರೆ ಎರಡು ಆಯ್ಕೆ ಉಳಿಯಿತು, ಸ್ಪೈನೋಸಾರಸ್ ಅಥವಾ ಮೊಸಳೆ.

ಹಂತ 4: ಅಡ್ಡ ಕೊಯ್ದರೆ ಯಾವ ಆಕಾರ?

ಕೊಯ್ಯಬೇಡಿ! ಬುಡವನ್ನು ಹಾಳೆಯ ಮೇಲೆ ಹಗುರವಾಗಿ ಇಟ್ಟು ಸುತ್ತಲೂ ಪೆನ್ಸಿಲ್ ಎಳೆದರೆ ಸಾಕು. ಆಮೇಲೆ ಮುಂದಿನಿಂದ ಹಿಂದಕ್ಕೆ ಎಷ್ಟು ಉದ್ದ, ಪಕ್ಕದಿಂದ ಪಕ್ಕಕ್ಕೆ ಎಷ್ಟು ದಪ್ಪ ಎಂದು ಅಳೆದು ದಪ್ಪವನ್ನು ಉದ್ದದಿಂದ ಭಾಗಿಸಿ.

ಉತ್ತರ ಅರ್ಧ ಅಥವಾ ಅದಕ್ಕಿಂತ ಕಡಿಮೆ ಬಂದರೆ ಚಾಕುವಿನಂಥ ತೆಳು ಹಲ್ಲು. ಕಾರ್ಕರೊಡಾಂಟೊಸಾರಸ್ ಎಂಬ ಮಾಂಸಾಹಾರಿ ಡೈನೋಸಾರ್‌ನದು ಹೀಗೆ, ಅದರ ಏಣಿನ ಪಕ್ಕದಲ್ಲಿ ಎನಾಮಲ್ ಮೇಲೆ ಅಲೆ ಅಲೆಯಾದ ಸುಕ್ಕು ಕೂಡ ಇರುತ್ತದೆ. 0.6 ದಾಟಿದರೆ ದಪ್ಪ ಹಲ್ಲು, ಎಲುಬನ್ನೂ ಪುಡಿ ಮಾಡುವ ಟೈರನೋಸಾರಸ್‌ನ ಪಕ್ಕದ ಹಲ್ಲಿನ ಹಾಗೆ. ಅದರ ದೊಡ್ಡ ಹಲ್ಲು ಬೇರು ಸೇರಿ 30 ಸೆಂಟಿಮೀಟರ್‌ವರೆಗೂ ಇತ್ತು. 1ರ ಹತ್ತಿರ ಬಂದರೆ ದುಂಡು, ಅಂದರೆ ಮೊಸಳೆ, ಸ್ಪೈನೋಸಾರಸ್ ಅಥವಾ ಸಮುದ್ರದ ಯಾವುದೋ ಪ್ರಾಣಿ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬಿದ್ದರೆ, ಅಂದರೆ ಅರ್ಧ ಕತ್ತರಿಸಿದ ಅಡಿಕೆಯ ಹಾಗೆ ಇದ್ದರೆ, ಅದು ಟೈರನೋಸಾರ್ ಗುಂಪಿನ ಬಾಯಿಯ ಮುಂಭಾಗದ ಹಲ್ಲಿರಬಹುದು.

ನಮ್ಮ ಹಲ್ಲಿನ ಎತ್ತರ 38 ಮಿಲಿಮೀಟರ್, ಬುಡ 13 ಮತ್ತು 12. ಭಾಗಿಸಿದರೆ 0.92. ದುಂಡು.

ಹಂತ 5: ಯಾವ ಕಡೆಗೆ ಬಾಗಿದೆ?

ದುಂಡು ಹಲ್ಲಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಹಲ್ಲಿನ ತುದಿಯನ್ನು ನಿಮ್ಮ ಕಣ್ಣಿನ ಕಡೆಗೆ ಹಿಡಿದು ನೇರ ಮೇಲಿನಿಂದ ನೋಡಿ. ಎರಡು ಏಣುಗಳನ್ನು ಸೇರಿಸುವ ಒಂದು ಗೆರೆ ಮನಸ್ಸಲ್ಲೇ ಎಳೆಯಿರಿ. ತುದಿ ಯಾವ ಕಡೆಗೆ ವಾಲಿದೆ?

ಡೈನೋಸಾರ್ ಹಲ್ಲು ಆ ಗೆರೆಯ ಉದ್ದಕ್ಕೇ ಬಾಗುತ್ತದೆ, ಒಂದು ಏಣಿನಿಂದ ಇನ್ನೊಂದು ಏಣಿನ ಕಡೆಗೆ. ಕುಡುಗೋಲು ಬಾಗುವುದೂ ತನ್ನ ಅಲಗಿನ ಕಡೆಗೇ ಅಲ್ವಾ, ಹಾಗೆ. ಮೊಸಳೆ ಹಲ್ಲು ಗೆರೆಗೆ ಅಡ್ಡವಾಗಿ, ಎರಡು ಏಣುಗಳ ನಡುವಿನ ಮುಖದ ಕಡೆಗೆ, ಅಂದರೆ ನಾಲಿಗೆಯ ಕಡೆಗೆ ಬಾಗುತ್ತದೆ. ಚಮಚ ನೋಡಿ, ಅಂಚುಗಳು ಎಡಕ್ಕೊಂದು ಬಲಕ್ಕೊಂದು, ಬಾಗು ಮಾತ್ರ ಒಳಮುಖಕ್ಕೆ. ಮೊಸಳೆ ಹಲ್ಲು ಹಾಗೆ.

ಡೈನೋಸಾರ್‌ನ ಮುಂಹಲ್ಲುಗಳಲ್ಲಿ ಏಣು ಸ್ವಲ್ಪ ಒಳಗಡೆಗೆ ಸರಿದಿರುತ್ತದೆ, ಮೊಸಳೆಯ ಹಿಂಭಾಗದ ಮೊಂಡು ಹಲ್ಲುಗಳಲ್ಲಿ ಬಾಗೇ ಇರುವುದಿಲ್ಲ. ಆದ್ದರಿಂದ ಇದೊಂದನ್ನೇ ನಂಬಿ ಕೂರಬೇಡಿ. ಮೈಯನ್ನೂ ನೋಡಿ. ಸ್ಪೈನೋಸಾರಸ್ ಹಲ್ಲು ಹೆಚ್ಚಾಗಿ ನೆಟ್ಟಗಿರುತ್ತದೆ, ಉದ್ದಕ್ಕೂ ಏಲಕ್ಕಿ ಸಿಪ್ಪೆಯ ಹಾಗೆ ಎದ್ದ ಪಟ್ಟೆಗಳು, ಆ ಪಟ್ಟೆಗಳ ಮೇಲೆ ಲೆನ್ಸ್‌ನಲ್ಲಿ ಮಾತ್ರ ಕಾಣುವ ಸಣ್ಣ ನರನರ ಸುಕ್ಕು. ಮೊಸಳೆಯದು ನುಣುಪಾಗಿರುತ್ತದೆ, ಇಲ್ಲವೇ ತೀರಾ ಸಣ್ಣ ಗೆರೆಗಳಿರುತ್ತವೆ.

ಹುಡುಗಿ ತಾನೇ ಹಲ್ಲು ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಹಲ್ಲನ್ನು ತಿರುಗಿಸಿ ಇನ್ನೊಂದು ಸಲ ನೋಡಿದಳು. "ಚಮಚ" ಅಂದಳು. ಮುಖ ಸ್ವಲ್ಪ ಸಪ್ಪಗಾಯಿತು.

ಮೊಸಳೆ ಅಂದರೆ ಕಡಿಮೆ ಅಲ್ಲ. ಆ ನದಿಯಲ್ಲಿ ಸ್ಪೈನೋಸಾರಸ್ ಜೊತೆಗೇ ಮೀನಿಗಾಗಿ ಪೈಪೋಟಿ ಮಾಡಿ ಬದುಕಿದ್ದ ಪ್ರಾಣಿಯ ಹಲ್ಲು ಅದು. ಇದನ್ನು ಹೇಳಿ ಒಂದು ತಟ್ಟೆ ಹಲಸಿನ ಚಿಪ್ಸ್ ಇಟ್ಟ ಮೇಲೆ ಬುಡ ನೋಡೋಣ ಅಂತ ಅವಳೇ ಹೇಳಿದಳು.

ಹಂತ 6: ಬುಡ

ಬುಡದಲ್ಲಿ ಬೇರಿದೆಯಾ? ಇಲ್ಲದೆ, ಒಳಕ್ಕೆ ತಗ್ಗಾಗಿ ಬಟ್ಟಲಿನ ಹಾಗಿದ್ದರೆ ಅದು ಪ್ರಾಣಿ ಬದುಕಿದ್ದಾಗಲೇ ಉದುರಿದ ಹಲ್ಲು. ಕೆಳಗಿನಿಂದ ಹೊಸ ಹಲ್ಲು ಬೆಳೆದು ಬರುವಾಗ ಹಳೆಯದರ ಬೇರು ಕರಗಿ ಹೋಗುತ್ತದೆ, ಉಳಿದ ತುದಿ ಕಳಚಿ ಬೀಳುತ್ತದೆ. ಬೇರು ಪೂರ್ತಿ ಇದ್ದರೆ ಹಲ್ಲು ದವಡೆಯಲ್ಲಿದ್ದಾಗಲೇ ಪ್ರಾಣಿ ಸತ್ತಿರಬೇಕು. ಬೇರಿರುವ ಹಲ್ಲು ಅಪರೂಪ, ಬೆಲೆ ಜಾಸ್ತಿ, ನಕಲು ಮಾಡುವವರ ಕಣ್ಣೂ ಅದರ ಮೇಲೇ.

ಮೊಸಳೆಗೆ ಜೀವನಪೂರ್ತಿ ಹಲ್ಲು ಬದಲಾಗುತ್ತಲೇ ಇರುತ್ತದೆ, ಒಂದೇ ಮೊಸಳೆ ಸಾವಿರಾರು ಹಲ್ಲು ಉದುರಿಸಬಹುದು. ಡೈನೋಸಾರ್‌ಗಳದ್ದೂ ಹಾಗೇ. ಉದ್ದ ಕತ್ತಿನ ಡಿಪ್ಲೊಡೋಕಸ್‌ಗೆ ಸುಮಾರು 35 ದಿನಕ್ಕೊಮ್ಮೆ ಹೊಸ ಹಲ್ಲು ಬರುತ್ತಿತ್ತು, ಕ್ಯಾಮರಸಾರಸ್‌ಗೆ 62 ದಿನಕ್ಕೆ. ಎಲುಬಿಗಿಂತ ಹಲ್ಲು ಅಷ್ಟು ಜಾಸ್ತಿ ಸಿಗುವುದಕ್ಕೆ ಇದೇ ಕಾರಣ, ಜೊತೆಗೆ ಎನಾಮಲ್ ಎಲುಬಿಗಿಂತ ಗಟ್ಟಿ.

ಮೊಸಳೆ ಹಲ್ಲಿನ ಒಳಗಿನ ಟೊಳ್ಳು ಅಗಲ. ಟಾರ್ಚ್ ಬಿಟ್ಟರೆ ಶಂಕುವಿನ ಹಾಗೆ ಮೇಲಕ್ಕೆ ಹೋಗುವುದು ಕಾಣುತ್ತದೆ. ಅದೃಷ್ಟವಿದ್ದರೆ ಒಳಗೆ ಮರಿ ಹಲ್ಲಿನ ತುದಿ ಕೂಡ ಕೂತಿರುತ್ತದೆ. ನಮ್ಮದರಲ್ಲಿ ಮರಳುಕಲ್ಲು ತುಂಬಿತ್ತು. ಅದನ್ನು ಕೆರೆದು ತೆಗೆಯಬೇಡಿ, ಹಲ್ಲು ಯಾವ ಪದರದ್ದು ಎಂಬುದಕ್ಕೆ ಅದೇ ಸಾಕ್ಷಿ.

ಈ ಎರಡೂ ಅಲ್ಲದಿದ್ದರೆ

ಹಲ್ಲು ಪೆನ್ಸಿಲ್‌ನಂತೆ ಉರುಟಾಗಿದ್ದು ತುದಿ ಓರೆಯಾಗಿ ಸವೆದಿದ್ದರೆ ಡಿಪ್ಲೊಡೋಕಸ್ ಅಥವಾ ಟೈಟಾನೋಸಾರ್ ತರದ ಉದ್ದ ಕತ್ತಿನ ಸಸ್ಯಾಹಾರಿ. ಅಗಲವಾಗಿ ಚಮಚದ ಬಾಯಿಯಂತಿದ್ದರೆ ಕ್ಯಾಮರಸಾರಸ್ ತರದ್ದು. ಎಲೆಯಾಕಾರವಾಗಿ, ಅಂಚಲ್ಲಿ ದೊಡ್ಡ ದೊಡ್ಡ ಕಚ್ಚು ಇದ್ದರೆ ಆಂಕಿಲೊಸಾರ್ ಮೊದಲಾದ ಸಸ್ಯಾಹಾರಿಗಳು. ಬೇರು ಎರಡಾಗಿ ಸೀಳಿದ್ದರೆ ಟ್ರೈಸೆರಾಟಾಪ್ಸ್ ಗುಂಪು.

ಸಮುದ್ರದವೂ ಸೇರಿಕೊಳ್ಳುತ್ತವೆ. ಮೊರಾಕೊದ ಖೂರಿಬ್ಗಾ ಕಡೆಯ ಫಾಸ್ಫೇಟ್ ಗಣಿಗಳಿಂದ ಮೋಸಾಸಾರ್ ಹಲ್ಲು ರಾಶಿ ರಾಶಿ ಬರುತ್ತದೆ. ದಪ್ಪ, ಎರಡು ಏಣು, ಕೆಲವಕ್ಕೆ ಮೈಮೇಲೆ ಚಪ್ಪಟೆ ಮುಖಗಳು, ಬುಡದಲ್ಲಿ ಎಲುಬಿನಂಥ ಉಬ್ಬಿದ ಬೇರು. ಅದು ಡೈನೋಸಾರ್ ಅಲ್ಲ, ಸಮುದ್ರದ ಹಲ್ಲಿ. ಪ್ಲೀಸಿಯೋಸಾರ್ ಹಲ್ಲು ಸಪೂರ, ಉದ್ದುದ್ದ ಗೆರೆ, ಸಾಮಾನ್ಯವಾಗಿ ಸ್ಪಷ್ಟವಾದ ಏಣು ಇಲ್ಲ. ಹಾರುವ ಸರೀಸೃಪವಾದ ಟೆರೋಸಾರ್‌ನದು ಇನ್ನೂ ಸಪೂರ, ನುಣುಪು.

ಮೊಸಳೆಗಳಲ್ಲೇ ವಿಚಿತ್ರವಾದವಿವೆ. ಹಿಂಭಾಗದ ಹಲ್ಲು ಕಾಳುಮೆಣಸಿನ ಹಾಗೆ ಗುಂಡಾಗಿದ್ದರೆ ಚಿಪ್ಪು ಒಡೆದು ತಿನ್ನುವ ಮೊಸಳೆ. ಮಡಗಾಸ್ಕರ್‌ನ ಸಿಮೋಸೂಕಸ್ ಎಂಬ ಮೊಂಡು ಮೂತಿಯ ಸಸ್ಯಾಹಾರಿ ಮೊಸಳೆಯ ಹಲ್ಲನ್ನು ವಿಜ್ಞಾನಿಗಳು ಲವಂಗಕ್ಕೇ ಹೋಲಿಸಿದ್ದಾರೆ, ಸಪೂರ ಬೇರು, ಮೇಲೆ ಹಲವು ಮೊನೆಯ ತಲೆ. ತೋಟದಲ್ಲಿ ಲವಂಗ ಬಿಡಿಸಿದವರಿಗೆ ಇದು ಒಮ್ಮೆ ನೋಡಿದರೆ ಮರೆಯುವುದಿಲ್ಲ.

ನಮ್ಮ ದೇಶದ ಹಲ್ಲುಗಳು

ಭಾರತದಲ್ಲಿ ಡೈನೋಸಾರ್ ಎಲುಬು ಮೊದಲು ಸಿಕ್ಕಿದ್ದು 1828ರಲ್ಲಿ, ಜಬಲ್ಪುರದ ಹತ್ತಿರ, ವಿಲಿಯಂ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ. ಅಲ್ಲಿನ ಲಮೇಟಾ ಎಂಬ ಕಲ್ಲಿನ ಪದರಗಳು ನರ್ಮದೆಯ ಉದ್ದಕ್ಕೂ, ಗುಜರಾತಿನ ರಯ್ಯೋಲಿಯವರೆಗೂ ಅಲ್ಲಲ್ಲಿ ಕಾಣುತ್ತವೆ. 2003ರಲ್ಲಿ ಹೆಸರು ಪಡೆದ ಮಾಂಸಾಹಾರಿ ಡೈನೋಸಾರ್ ರಾಜಸಾರಸ್ ಅಲ್ಲಿಯದೇ. ಅದು ಸೇರುವ ಅಬೆಲಿಸಾರ್ ಗುಂಪಿನ ಹಲ್ಲು ಗಿಡ್ಡ, ಹಿಂದಿನ ಏಣು ಹೆಚ್ಚುಕಡಿಮೆ ನೇರ, ಮುಂದಿನ ಏಣು ಬಿಲ್ಲಿನ ಹಾಗೆ ಬಾಗಿದ್ದು.

ನಮಗೆ ಹತ್ತಿರದ ಜಾಗ ತಮಿಳುನಾಡಿನ ಅರಿಯಲೂರು ಜಿಲ್ಲೆಯ ಕಲ್ಲಮೇಡು. ಭೂವಿಜ್ಞಾನಿಗಳು ಆ ಪ್ರದೇಶವನ್ನು ಕಾವೇರಿ ಜಲಾನಯನ ಎಂದೇ ಕರೆಯುತ್ತಾರೆ, ನಮ್ಮ ತಲಕಾವೇರಿಯಲ್ಲಿ ಹುಟ್ಟಿದ ನದಿಯ ಹೆಸರಲ್ಲಿ. 2013ರಲ್ಲಿ ಅಲ್ಲಿಂದ ಟ್ರೂಡಾನ್ ಗುಂಪಿನ ಒಂದೇ ಒಂದು ಚಿಕ್ಕ ಹಲ್ಲು ವರದಿಯಾಯಿತು, ಸಿಮೋಸೂಕಸ್ ತರದ ಮೊಸಳೆ ಹಲ್ಲೂ ಸಿಕ್ಕಿದೆ. ಮಡಗಾಸ್ಕರ್ ಮತ್ತು ಭಾರತ ಒಂದು ಕಾಲಕ್ಕೆ ಅಂಟಿಕೊಂಡಿದ್ದವು ಎಂಬುದಕ್ಕೆ ಲವಂಗದಷ್ಟು ಚಿಕ್ಕ ಹಲ್ಲೂ ಸಾಕ್ಷಿ ಹೇಳುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅಂಥ ಕಡೆ ಪ್ರವಾಸ ಹೋದಾಗ ಹಲ್ಲು ಕಂಡರೆ ಕಿತ್ತು ತರಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಫೋನಿನಲ್ಲಿ ಜಾಗ ಗುರುತು ಮಾಡಿ, ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಗೆ ಅಥವಾ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ.

ಹಂತ 7: ಹೆಸರು ಬರೆಯುವುದು, ಇಡುವುದು

ಯಾರಿಗಾದರೂ ತಿಳಿದವರಿಗೆ ತೋರಿಸುವುದಾದರೆ ಆರು ಫೋಟೋ ಬೇಕು. ಎರಡು ಪಕ್ಕ, ಎರಡು ಏಣು, ಬುಡ, ತುದಿ. ಎಲ್ಲದರಲ್ಲೂ ಸ್ಕೇಲ್ ಕಾಣಬೇಕು. ಅಂಗೈ ಮೇಲಿಟ್ಟು ತೆಗೆದ ಒಂದು ಮಸುಕು ಫೋಟೋದಿಂದ ಯಾರೂ ಏನೂ ಹೇಳಲಾರರು.

ಹೆಸರನ್ನು ಗೊತ್ತಿರುವಷ್ಟೇ ಬರೆಯಿರಿ. ಒಂದೇ ಬಾಯಿಯಲ್ಲೇ ಮುಂದಿನ ಹಲ್ಲು ಒಂದು ತರ, ಹಿಂದಿನದು ಇನ್ನೊಂದು ತರ ಇರುವುದರಿಂದ ಬಿಡಿ ಹಲ್ಲಿಗೆ ಗುಂಪಿನ ಹೆಸರು ಸಿಕ್ಕಿದರೆ ಅದೇ ದೊಡ್ಡದು. ಮಾರುವವರು ಬರೆದುಕೊಟ್ಟ ಚೀಟಿಯನ್ನೂ ಬಿಸಾಡಬೇಡಿ.

ಕೊಡಗಿನಲ್ಲಿ ಇಡುವ ವಿಷಯಕ್ಕೆ ಜಾಸ್ತಿ ಗಮನ ಬೇಕು. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಕೆಲವು ಪಳೆಯುಳಿಕೆಗಳ ಒಳಗೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುತ್ತದೆ, ತೇವ ಸಿಕ್ಕಿದರೆ ಅದು ಉಬ್ಬಿ, ಹುಳಿಯಾಗಿ, ಹಲ್ಲನ್ನು ಒಳಗಿನಿಂದಲೇ ಪುಡಿ ಮಾಡುತ್ತದೆ. ಬಿಳಿ ಅಥವಾ ಹಳದಿ ಪುಡಿ, ಗಂಧಕದ ವಾಸನೆ ಬಂದರೆ ಅದೇ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಬಣ್ಣ ಬದಲಾದರೆ ಒಲೆಯ ಹತ್ತಿರ ಒಣಗಿಸಿ ಮತ್ತೆ ಹಾಕಿ. ಚೂರು ಏಳುತ್ತಿದ್ದರೆ ಕ್ವಿಕ್ ಗಮ್ ಹಾಕಬೇಡಿ. ಮ್ಯೂಸಿಯಂನವರು ಪ್ಯಾರಲಾಯ್ಡ್ ಬಿ-72 ಎಂಬುದನ್ನು ಅಸಿಟೋನ್‌ನಲ್ಲಿ ಕರಗಿಸಿ ಹಚ್ಚುತ್ತಾರೆ, ಬೇಕಾದಾಗ ಅದನ್ನು ಮತ್ತೆ ಅಸಿಟೋನ್‌ನಿಂದಲೇ ತೆಗೆಯಬಹುದು.

ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಹುಡುಗಿ ಹೊಸ ಚೀಟಿ ಬರೆದಳು. "ಮೊಸಳೆ ವಂಶದ ಪ್ರಾಣಿಯ ಉದುರಿದ ಹಲ್ಲು. ಕೆಮ್ ಕೆಮ್, ಮೊರಾಕೊ, ಮಾರಿದವರು ಹೇಳಿದ ಪ್ರಕಾರ. ಸುಮಾರು 10 ಕೋಟಿ ವರ್ಷ. ಎತ್ತರ 38 ಮಿ.ಮೀ., ಬುಡ 13 x 12. ಎರಡು ಏಣು, ಗರಗಸ ಇಲ್ಲ, ಒಳಮುಖಕ್ಕೆ ಬಾಗು." ಬರೆದು ಮುಗಿಸಿ ಪೆನ್ನು ಎತ್ತದೆ ಕೇಳಿದಳು, "ಅಕ್ಕ, ಇದು ಉದುರಿದ ಮೇಲೆ ಆ ಮೊಸಳೆಗೆ ಅದೇ ಜಾಗದಲ್ಲಿ ಇನ್ನೊಂದು ಬಂದಿರುತ್ತದಲ್ವಾ?"

ಬಂದಿರುತ್ತದೆ ಅಂದೆ. ಹಳೆಯ ಚೀಟಿಯನ್ನು ಮಡಚಿ ಹೊಸದರ ಹಿಂದೆ ಇಟ್ಟು, ಹಲ್ಲನ್ನು ಬೆಂಕಿಪೊಟ್ಟಣದಿಂದ ತೆಗೆದು ಮುಚ್ಚಳದ ಡಬ್ಬಿಗೆ ಹಾಕಿಕೊಟ್ಟೆ.